ರಾಗಿಗುಡ್ಡದ ಬಯಲಿಗೆ ಒಗ್ಗುವ ಚಕ್ರ

ವಿಮಾನದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ನನ್ನನ್ನು ನೋಡಲು ಬಂದಾಗ ಎಂಜಿನ್ನಿನ ಬಗ್ಗೆ ಕೇಳುತ್ತಾರೆ, ರೆಕ್ಕೆಯ ಬಗ್ಗೆ ಕೇಳುತ್ತಾರೆ. ಕಾಲಿನ ಬಗ್ಗೆ, ಅಂದರೆ ಇಳಿಯುವ ಚಕ್ರ ಮತ್ತು ಅದನ್ನು ಹಿಡಿದ ಕಂಬಿಗಳ ಬಗ್ಗೆ, ಯಾರೂ ಕೇಳುವುದಿಲ್ಲ. ಎಂಜಿನ್ ಆಕಾಶದಲ್ಲಿ ನಿಂತುಹೋದರೂ ಒಳ್ಳೆಯ ಪೈಲಟ್ ವಿಮಾನವನ್ನು ತೇಲಿಸಿಕೊಂಡು ಯಾವುದೋ ಒಂದು ಬಯಲಿಗೆ ತಂದುಬಿಡಬಲ್ಲರು. ಆದರೆ ನೆಲ ಮುಟ್ಟುವ ಆ ಕ್ಷಣದಲ್ಲಿ ಕಾಲು ಕೈಕೊಟ್ಟರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಅದಕ್ಕೇ ನಾನು ಕಾಲಿನಿಂದಲೇ ಶುರು ಮಾಡುತ್ತೇನೆ.

ಬೆಂಗಳೂರಿನ ದೊಡ್ಡ ಹ್ಯಾಂಗರಿನಲ್ಲಿ ನಾನು ಬಹಳ ವರ್ಷ ದುಡಿದೆ. ಅಲ್ಲಿ ಸಿಕ್ಕ ಬಡ್ತಿಗಳ ವಿಷಯ ಬರೆಯುವುದಿಲ್ಲ; ಅವು ನನ್ನ ಮನೆಯವರಿಗೇ ನೆನಪಿಲ್ಲ. ನಾನು ಈ ಕೆಲಸವನ್ನು ನಿಜವಾಗಿ ಕಲಿತದ್ದು ಬೆಂಗಳೂರಿಗೆ ಹೋಗುವ ಮುಂಚೆ, ಶಿವಮೊಗ್ಗದ ಒಂದು ಬಸ್ ಶೆಡ್ಡಿನಲ್ಲಿ. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ.

ಶೆಡ್ಡು ಶಂಕರೇಗೌಡರದು. ಸಾಗರದ ಕಡೆಗೂ ಭದ್ರಾವತಿಯ ಕಡೆಗೂ ಅವರ ಬಸ್ಸುಗಳು ಓಡುತ್ತಿದ್ದವು. ನಾನು ಅಲ್ಲಿ ಹೆಡ್ ಮೆಕ್ಯಾನಿಕ್. ಗೌಡರಿಗೆ ಸರೋಜಾ ಎಂಬ ತಂಗಿ ಇದ್ದರು. ಬೊಂಬಾಯಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದವರು. ಓದಿನ ಜೊತೆಗೆ ಅಲ್ಲಿನ ಕ್ಲಬ್ಬೊಂದರಲ್ಲಿ ವಿಮಾನ ಹಾರಿಸುವುದನ್ನೂ ಕಲಿತು ಲೈಸೆನ್ಸ್ ಪಡೆದಿದ್ದಾರೆಂಬ ಸುದ್ದಿ ಬಂದಾಗ ನಮ್ಮ ಶೆಡ್ಡಿನಲ್ಲಿ ಯಾರೂ ನಂಬಲಿಲ್ಲ. ಗೌಡರ ತಾಯಿ ಊಟ ಬಿಟ್ಟು ಕೂತರು. ಗೌಡರು ಮಾತ್ರ ಮೊದಲು ಸಿಟ್ಟಾಗಿ, ಆಮೇಲೆ ಒಳಗೊಳಗೇ ಉಬ್ಬಿಹೋದರು. ತಂಗಿ ಊರಿಗೆ ವಾಪಸಾದ ಮೇಲೆ ಅವರಿಬ್ಬರೂ ಸೇರಿ ಇಂಗ್ಲೆಂಡಿನ ಒಂದು ಕಂಪನಿಗೆ ಬರೆದು, ಬಿಡಿಬಿಡಿಯಾಗಿ ಬರುವ, ನಾವೇ ಜೋಡಿಸಿಕೊಳ್ಳಬೇಕಾದ ಸಣ್ಣ ವಿಮಾನವನ್ನು ತರಿಸಿದರು. ಇಬ್ಬರು ಕೂರುವಂಥದು. ಮರದ ಚೌಕಟ್ಟು, ಮೇಲೆ ಬಟ್ಟೆ.

ಪೆಟ್ಟಿಗೆಗಳು ರೈಲಿನಲ್ಲಿ ಬಂದವು. ಸ್ಟೇಷನ್ನಿನಿಂದ ಎತ್ತಿನ ಗಾಡಿಗಳಲ್ಲಿ ಶೆಡ್ಡಿಗೆ ತಂದೆವು. ಮುಚ್ಚಳ ತೆಗೆದಾಗ ಸ್ಪ್ರೂಸ್ ಮರದ ವಾಸನೆ ಇಡೀ ಶೆಡ್ಡಿಗೆ ಹರಡಿತು. ಗ್ರೀಸು, ಸುಟ್ಟ ಎಣ್ಣೆ ಬಿಟ್ಟು ಬೇರೆ ವಾಸನೆಯೇ ಗೊತ್ತಿಲ್ಲದ ಜಾಗ ಅದು. ಸರೋಜಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೊಂದೇ ತುಂಡನ್ನು ತೆಗೆದು ನೋಡಿ, “ಖಾದರ್ ಸಾಬ್ರೇ, ಇದು ಬಸ್ಸಲ್ಲ. ಇದರಲ್ಲಿ ಬಲವಾಗಿ ಮಾಡಿದ್ದೆಲ್ಲ ಭಾರ, ಭಾರ ಆದದ್ದೆಲ್ಲ ತಪ್ಪು. ನಿಮ್ಮ ಸುತ್ತಿಗೇನ ಮನೇಲಿಟ್ಟು ಬನ್ನಿ” ಎಂದರು. ನನಗೆ ಅವತ್ತೇ ಗೊತ್ತಾಯಿತು, ಇವರ ಕೆಳಗೆ ಕೆಲಸ ಮಾಡುವುದು ಸುಲಭವಲ್ಲ, ಆದರೆ ಕಲಿಯುವುದಕ್ಕೆ ಬೇಕಾದಷ್ಟು ಇದೆ ಎಂದು.

ಒಡಲು, ರೆಕ್ಕೆ, ಬಾಲ ಎಲ್ಲಕ್ಕೂ ಕಂಪನಿಯ ನಕ್ಷೆ ಇತ್ತು. ಅದರಂತೆ ಮಾಡಿದರೆ ಮುಗಿಯಿತು. ಕಾಲಿನ ವಿಷಯದಲ್ಲಿ ಮಾತ್ರ ಅವರು ಮೂರು ಬಗೆಯ ನಕ್ಷೆ ಕಳಿಸಿದ್ದರು. ನಿಮ್ಮ ನೆಲ ನಿಮಗೆ ಗೊತ್ತು, ನೀವೇ ಆರಿಸಿಕೊಳ್ಳಿ ಎಂಬಂತೆ. ಮೊದಲನೆಯದು ಆಗ ಎಲ್ಲ ಕಡೆ ಇದ್ದ ರೀತಿ: ಮುಂದೆ ರೆಕ್ಕೆಯ ಕೆಳಗೆ ಎರಡು ದೊಡ್ಡ ಚಕ್ರ, ಹಿಂದೆ ಬಾಲದ ಕೆಳಗೆ ನೆಲಕ್ಕೆ ಊರುವ ಒಂದು ಕಬ್ಬಿಣದ ಪಟ್ಟಿ. ಎರಡನೆಯದು ಆಗಷ್ಟೇ ಕಾಣಿಸಿಕೊಳ್ಳುತ್ತಿದ್ದ ರೀತಿ: ಮೂತಿಯ ಕೆಳಗೆ ಒಂದು ಚಕ್ರ, ಹಿಂದೆ ಎರಡು. ಮೂರನೆಯದರಲ್ಲಿ ಚಕ್ರವೇ ಇಲ್ಲ. ನೀರಿನ ಮೇಲೆ ಇಳಿಯಲು ದೋಣಿಯಂಥ ಎರಡು ತೇಲುಗಾಲು.

ಗೌಡರ ಮನಸ್ಸು ತೇಲುಗಾಲಿನ ಮೇಲೆ. ತುಂಗೆಯ ಸೇತುವೆಯ ಹತ್ತಿರ, ಪೇಟೆಯ ಜನರೆಲ್ಲ ನೋಡುತ್ತಿರುವಾಗ ತಂಗಿ ಹೊಳೆಗೆ ಇಳಿಯಬೇಕು, ಅವರು ದಡದಲ್ಲಿ ನಿಂತಿರಬೇಕು.

“ಸುಮ್ನೆ ನೆಲ ಹುಡುಕೋದು ಯಾಕೆ? ಇಷ್ಟುದ್ದ ಹೊಳೆ ಐತೆ. ಯಾರ ಅಪ್ಪಣೆ ಬೇಕು?” ಎಂದರು.

ಸರೋಜಮ್ಮ ವಾದ ಮಾಡಲಿಲ್ಲ. ಬಿರುಬೇಸಿಗೆಯ ಒಂದು ಬೆಳಿಗ್ಗೆ ಅಣ್ಣನನ್ನೂ ನನ್ನನ್ನೂ ಸೇತುವೆಗೆ ಕರೆದುಕೊಂಡು ಹೋದರು. ಹೊಳೆ ಬತ್ತಿ, ಬಂಡೆಗಳು ಎಮ್ಮೆಯ ಬೆನ್ನಿನ ಹಾಗೆ ಮೇಲೆದ್ದಿದ್ದವು. ನಡುವೆ ಸಣ್ಣ ಕಾಲುವೆಯಷ್ಟು ನೀರು.

“ಯಾವ ಬಂಡೆ ಮೇಲೆ ಇಳೀಲಿ, ನೀನೇ ಹೇಳಣ್ಣ.”

“ಮಳೆಗಾಲದಲ್ಲಿ ನೀರಿರುತ್ತಲ್ಲೇ!”

“ಮಳೆಗಾಲದಲ್ಲಿ ಹೊಳೇಲಿ ಮರದ ದಿಮ್ಮಿ ತೇಲಿ ಬರುತ್ತೆ. ಒಂದು ತಗುಲಿದ್ರೆ ನನ್ನನ್ನ ಕೆಳಗೆ ಹೊಳೆಗಳು ಸೇರೋ ಕೂಡ್ಲಿ ಹತ್ರ ಹುಡುಕ್ಬೇಕಾಗುತ್ತೆ.”

ಗೌಡರು ಬಹಳ ಹೊತ್ತು ಕಂಬಿಗೆ ಒರಗಿ ನಿಂತಿದ್ದು, “ನಡೀರಿ, ಬಿಸಿಲೇರ್ತಾ ಐತೆ” ಎಂದರು. ತೇಲುಗಾಲಿನ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು ಎರಡು. ಇಲ್ಲಿ ಭದ್ರಾವತಿಯ ಅಯ್ಯಾಸ್ವಾಮಿಯವರ ಹೆಸರು ಹೇಳಬೇಕು. ಅವರು ಸೇಲಂ ಕಡೆಯಿಂದ ಬಂದು ಭದ್ರಾವತಿಯಲ್ಲಿ ಸ್ವಂತ ಲೇತ್ ಶಾಪ್ ಇಟ್ಟುಕೊಂಡಿದ್ದರು. ನಮ್ಮ ಬಸ್ಸುಗಳ ಆಕ್ಸಲ್, ಬುಷ್ ಎಲ್ಲ ಅಲ್ಲೇ ಆಗುತ್ತಿತ್ತು. ಉಕ್ಕಿನ ವಿಷಯದಲ್ಲಿ ನಾನು ಕಂಡ ದೊಡ್ಡ ಗುರು. ನಕ್ಷೆಗಳನ್ನು ನೋಡಿದ ಕೂಡಲೇ ಅವರು ಮೂತಿಯ ಚಕ್ರದ ಪಕ್ಷ ಹಿಡಿದರು. ಒಂದು ಆಟಿಕೆ ಗಾಡಿಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿ ತೋರಿಸಿದರು.

“ಇಲ್ಲಿ ಪಾರಪ್ಪಾ ಖಾದರ್. ಭಾರ ಚಕ್ರದ ಹಿಂದೆ ಇದ್ರೆ ಏನ್ ಆಗ್ತದೆ? ಕೊಂಚ ಓರೆ ಆದ್ರೂ ಹಿಂದಿನ ಭಾರ ಮುಂದೆ ಬರಕ್ಕೆ ನೋಡ್ತದೆ. ಗಾಡಿ ಗಿರ್ ಅಂತ ತಿರುಗ್ತದೆ. ಭಾರ ಚಕ್ರದ ಮುಂದೆ ಇದ್ರೆ ತಾನಾಗೇ ನೇರ ಹೋಗ್ತದೆ. ಆ ಅಮ್ಮಾಗೆ ಎದುರಿನ ನೆಲಾನೂ ಕಾಣಿಸ್ತದೆ.”

ಅವರ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಬಾಲ ಕೆಳಗಿರುವ ವಿಮಾನದಲ್ಲಿ ಮೂತಿ ಆಕಾಶ ನೋಡುತ್ತಿರುತ್ತದೆ. ನೆಲದ ಮೇಲೆ ಓಡಿಸುವಾಗ ಪೈಲಟ್ಟಿಗೆ ಎದುರಿನದು ಕಾಣುವುದಿಲ್ಲ, ಹಾವಿನ ಹಾಗೆ ಅತ್ತಿತ್ತ ಹೊರಳಿಸಿಕೊಂಡು ಹೋಗಬೇಕು. ಇಳಿದ ಮೇಲೆ ಸ್ವಲ್ಪ ಎಚ್ಚರ ತಪ್ಪಿದರೆ ಬಾಲ ತಿರುಗಿ ಮುಂದೆ ಬಂದುಬಿಡುತ್ತದೆ. ಇವತ್ತಿನ ವಿಮಾನಗಳಿಗೆಲ್ಲ ಮೂತಿಯ ಕೆಳಗೆ ಚಕ್ರ ಬಂದಿರುವುದು ಅಯ್ಯಾಸ್ವಾಮಿ ಅವತ್ತು ಮೇಜಿನ ಮೇಲೆ ತೋರಿಸಿದ ಕಾರಣಕ್ಕೇ.

ಸರೋಜಮ್ಮ ಕಲಿತಿದ್ದದ್ದು ಹಳೆಯ ರೀತಿಯಲ್ಲಿ. ಆದರೂ ಅವರು, “ಲೆಕ್ಕ ಸರಿಯಾಗಿದೆ. ಆದ್ರೆ ನಮ್ಮ ನೆಲದ ಮೇಲೆ ಓಡಿಸಿ ನೋಡೋಣ. ಹಾರೋದು ಬೇಡ, ಬರೀ ಓಡಿಸೋದು” ಎಂದರು.

ನಮಗೆ ಸಿಕ್ಕಿದ್ದ ನೆಲ ರಾಗಿಗುಡ್ಡದ ಬುಡದ ಗೋಮಾಳ. ಉದ್ದಕ್ಕೆ, ಬಟಾಬಯಲು, ಕೆಂಪು ಜಂಬಿಟ್ಟಿಗೆ ನೆಲ. ದನ ಮೇಯುತ್ತಿದ್ದವು. ಸುತ್ತಲ ಹಳ್ಳಿಗಳ ಗಾಡಿಗಳು ಪೇಟೆಗೆ ಅದಕ್ಕೆ ಅಡ್ಡಲಾಗಿಯೇ ಹೋಗುತ್ತಿದ್ದವು. ಮಳೆಗಾಲದಲ್ಲಿ ಗಾಡಿಯ ಚಕ್ರಗಳು ಕೊರೆದ ಜಾಡು ಬೇಸಿಗೆಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿರುತ್ತಿತ್ತು. ಮುಚ್ಚಿದರೆ ಮುಂದಿನ ಮಳೆಗೆ ಮತ್ತೆ ಬೀಳುತ್ತಿತ್ತು. ಗಾಡಿ ಬರಬೇಡಿ ಎನ್ನಲು ಅದು ನಮ್ಮ ನೆಲವಲ್ಲ.

ಅಯ್ಯಾಸ್ವಾಮಿ ಮೂತಿಯ ಕಾಲನ್ನು ಭದ್ರಾವತಿಯಲ್ಲಿ ತಾವೇ ಮಾಡಿ ತಂದರು. ನೋಡಲು ಒಡವೆಯ ಹಾಗಿತ್ತು. ಅದನ್ನು ಕೂರಿಸಿ ಗೋಮಾಳಕ್ಕೆ ತಂದೆವು. ಗೌಡರು, ಅಯ್ಯಾಸ್ವಾಮಿ, ನಾನು ಒಂದು ಕಡೆ ನಿಂತೆವು. ಸರೋಜಮ್ಮ ಮೊದಲು ನಿಧಾನವಾಗಿ ಒಂದು ಸುತ್ತು ಓಡಿಸಿದರು. ಹಗ್ಗ ಹಿಡಿದು ಎಳೆದಂತೆ ನೇರ ಹೋಯಿತು. ಅಯ್ಯಾಸ್ವಾಮಿ ನನ್ನ ಭುಜ ಅಮುಕಿದರು. ಎರಡನೇ ಸಲ ಸರೋಜಮ್ಮ ಜೋರಾಗಿ ಬಿಟ್ಟರು. ಜಾಡುಗಳಿಗೆ ನಾವು ಮಣ್ಣು ತುಂಬಿದ್ದೆವು, ಧಮ್ಮಸ್ಸು ಹಾಕಿ ಬಡಿದಿದ್ದೆವು. ಆದರೂ ಮುಂದಿನ ಚಕ್ರ ಒಂದು ಕಡೆ ಮಣ್ಣಿನಲ್ಲಿ ಕುಸಿದು, ಜಾಡಿನೊಳಗೆ ಸಿಕ್ಕಿಕೊಂಡು ಅಡ್ಡ ತಿರುಗಿತು. ಕಾಲು ಮಡಚಿತು. ಮೂತಿ ನೆಲಕ್ಕೆ ಬಡಿಯಿತು. ಮರದ ಪ್ರೊಪೆಲರ್ ಚೂರುಚೂರಾಗಿ ಹಾರಿತು. ಒಂದು ಚೂರು ನಮ್ಮ ತಲೆಯ ಮೇಲೆ ಸುಯ್ಯೆಂದು ಹೋದದ್ದು ನನಗೆ ಕೇಳಿಸಿತು. ಬಾಲ ಮೇಲೆದ್ದು ಒಂದು ಕ್ಷಣ ನಿಂತು, ಧೊಪ್ಪನೆ ಬಿತ್ತು.

ನಾವು ಓಡಿದೆವು. ಸರೋಜಮ್ಮ ಸ್ವಿಚ್ ಆರಿಸಿ ತಾವೇ ಸೊಂಟದ ಪಟ್ಟಿ ಬಿಚ್ಚಿಕೊಳ್ಳುತ್ತಿದ್ದರು. ತುಟಿ ಒಡೆದು ರಕ್ತ ಬರುತ್ತಿತ್ತು. ಕೆಳಗಿಳಿದವರು ಮೊದಲು ಹೇಳಿದ ಮಾತು, “ಪೆಟ್ರೋಲ್ ಸೋರ್ತಿದೆಯಾ ನೋಡಿ.”

ಗೌಡರ ಮುಖದಲ್ಲಿ ಬಣ್ಣವೇ ಇರಲಿಲ್ಲ. ಅವರು ವಿಮಾನವನ್ನು ನೋಡಲೇ ಇಲ್ಲ. ತಂಗಿಯ ತುಟಿ ಮಾತ್ರ ನೋಡಿದರು. “ಸಾಕು” ಎಂದರು. “ಖಾದರ್, ಇದನ್ನೆಲ್ಲ ಬಿಚ್ಚಿ ಪೆಟ್ಟಿಗೆಗೆ ತುಂಬು. ನಾಳೆಯಿಂದ ಇದರ ಮಾತು ನನ್ನ ಶೆಡ್ಡಲ್ಲಿ ಯಾರೂ ಎತ್ತಕೂಡ್ದು.”

ನಾವು ಬಿಚ್ಚಿದೆವು. ಆದರೆ ಪೆಟ್ಟಿಗೆಗೆ ತುಂಬಲಿಲ್ಲ. ಬಸ್ಸುಗಳ ಹಿಂದೆ, ತಾಡಪಾಲಿನ ಕೆಳಗೆ ಇಟ್ಟೆವು. ಕೆಲವು ದಿನ ಅಣ್ಣ ತಂಗಿ ಮಾತಾಡಲಿಲ್ಲ. ಅಯ್ಯಾಸ್ವಾಮಿ ಮಾತ್ರ ಮಡಚಿದ ಕಾಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಭದ್ರಾವತಿಗೆ ಹೋದವರು, ಅದನ್ನು ಗರಗಸದಲ್ಲಿ ಕುಯ್ದು ನೋಡಿ ವಾಪಸು ಬಂದರು. ಉಕ್ಕಿನಲ್ಲಿ ದೋಷವಿರಲಿಲ್ಲ, ಬೆಸುಗೆಯಲ್ಲೂ ಇರಲಿಲ್ಲ. “ನಾನು ಗಾಡೀನ ಮೇಜಿನ ಮೇಲೆ ಓಡಿಸ್ದೆ ಕಣಪ್ಪಾ. ಮೇಜಲ್ಲಿ ಜಾಡು ಇರಲಿಲ್ಲ” ಎಂದು ನಕ್ಕರು. ಇನ್ನೂ ದಪ್ಪ ಕಾಲು ಮಾಡಬಹುದಿತ್ತು. ಆದರೆ ದಪ್ಪ ಮಾಡಿದಷ್ಟೂ ಮೂತಿಯಲ್ಲಿ ಭಾರ ಏರುತ್ತದೆ, ಆ ಸಣ್ಣ ಎಂಜಿನ್ ಅದನ್ನು ಎತ್ತಲು ಒದ್ದಾಡುತ್ತದೆ. ಜೊತೆಗೆ ಪ್ರೊಪೆಲರ್ ನೆಲಕ್ಕೆ ಹತ್ತಿರವೇ ಇರುತ್ತದೆ. ಅಯ್ಯಾಸ್ವಾಮಿ ಇದನ್ನೆಲ್ಲ ತಾವೇ ಕೂತು ಲೆಕ್ಕ ಹಾಕಿಕೊಂಡು ಬಂದಿದ್ದರು. ಹಟ ಇರಲಿಲ್ಲ. ನನ್ನ ಕೆಲಸದ ಬಾಳಿನಲ್ಲಿ ಅಂಥ ಹಿರಿಯರು ಹೆಚ್ಚು ಸಿಗಲಿಲ್ಲ.

ಇನ್ನು ಗೌಡರನ್ನು ಒಪ್ಪಿಸಬೇಕಿತ್ತು. ಅದನ್ನು ಸರೋಜಮ್ಮನೇ ಮಾಡಿದರು. ಒಂದು ದಿನ ಸಾಗರದ ದಾರಿಯಲ್ಲಿ ನಮ್ಮ ಬಸ್ಸಿನ ಆಕ್ಸಲ್ ಮುರಿದು, ಅದನ್ನು ಎಳೆದು ತಂದು ಶೆಡ್ಡಿನಲ್ಲಿ ನಿಲ್ಲಿಸಿದ್ದೆವು. ಗೌಡರು ಬಗ್ಗಿ ನೋಡುತ್ತಿದ್ದರು. ಸರೋಜಮ್ಮ ಬಂದು ಪಕ್ಕದಲ್ಲಿ ನಿಂತರು.

“ಅಣ್ಣಾ, ನಾಳೆಯಿಂದ ಸಾಗರಕ್ಕೆ ಬಸ್ಸು ನಿಲ್ಲಿಸ್ತೀಯಾ?”

“ಯಾಕೆ ನಿಲ್ಲಿಸ್ಲಿ? ಆಕ್ಸಲ್ ಬದಲಾಯಿಸಿದ್ರೆ ಆಯ್ತು.”

“ಅವತ್ತು ಮುರಿದದ್ದೂ ಅಷ್ಟೇ ಅಲ್ವಾ?”

“ಬಸ್ಸಲ್ಲಿ ನೀನಿರ್ಲಿಲ್ಲ ಕಣೇ.” ಗೌಡರು ಸೊಂಟ ನೆಟ್ಟಗೆ ಮಾಡಿ ನಿಂತರು. “ಅದರಲ್ಲಿ ನೀನಿದ್ದೆ ಅಂತ ಹೇಳ್ತಾ ಇರೋದು ನಾನು.”

ಸರೋಜಮ್ಮ, “ಬಾ, ಗೋಮಾಳಕ್ಕೆ ಹೋಗಿ ಬರೋಣ. ನಡೆದುಕೊಂಡೇ ಹೋಗೋಣ” ಎಂದರು. ನನಗೂ ಬನ್ನಿ ಎಂದು ಸನ್ನೆ ಮಾಡಿದರು.

ಬಯಲಿನ ಈ ತುದಿಯಿಂದ ಆ ತುದಿಗೆ ನಡೆದೆವು. ಪ್ರತಿ ಜಾಡಿನ ಹತ್ತಿರವೂ ಅವರು ನಿಂತು ಅಣ್ಣನಿಗೆ ವಿವರಿಸಿದರು. ದೊಡ್ಡ ಚಕ್ರ ಜಾಡಿನ ಮೇಲೆ ಹತ್ತಿ ದಾಟುತ್ತದೆ, ಸಣ್ಣದು ಒಳಗೆ ಇಳಿಯುತ್ತದೆ. ಎರಡು ದೊಡ್ಡ ಚಕ್ರ ಮುಂದಿದ್ದರೆ ಭಾರವೆಲ್ಲ ಅವುಗಳ ಮೇಲೆ. ಬಾಲದ ಮೇಲೆ ಬೀಳುವುದು ಕಡಿಮೆ, ಅದು ಕುಣಿದರೂ ಮುರಿಯುವುದಿಲ್ಲ. ಮೂತಿ ಎತ್ತರದಲ್ಲಿರುವುದರಿಂದ ಪ್ರೊಪೆಲರಿಗೆ ನೆಲ ದೂರ. “ಇದರಲ್ಲೂ ಅಪಾಯ ಇದೆ. ಅಡ್ಡಗಾಳಿ ಹೊಡೆದ್ರೆ ತಿರುಗುತ್ತೆ. ಅದು ನನ್ನ ಕಾಲಿನ ಕೆಲಸ, ಬಾಲ ತಿರುಗಿಸೋ ಪೆಡಲ್ ಮೇಲೆ ನಿದ್ದೆ ಮಾಡದೆ ಇರೋದು. ಅದನ್ನ ನಾನು ಕಲ್ತಿದ್ದೀನಿ. ಗಾಡಿ ಜಾಡನ್ನ ಏನೂ ಮಾಡಕ್ಕಾಗಲ್ಲ. ನನ್ನ ಕೈಲಿರೋ ಅಪಾಯ ಯಾವುದೋ ಅದನ್ನ ತಗೋತೀನಿ, ಕೈಲಿಲ್ಲದ್ದು ಬೇಡ.”

ಮುಂದೆ ನಾನು ಎಷ್ಟೋ ದೊಡ್ಡ ಎಂಜಿನಿಯರುಗಳ ಭಾಷಣ ಕೇಳಿದೆ. ವಿಮಾನಕ್ಕೆ ಕಾಲು ಆರಿಸುವುದು ಹೇಗೆಂದು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಿಲ್ಲ.

ಗೌಡರು ತಲೆಯ ರುಮಾಲು ಬಿಚ್ಚಿ ಬೆವರು ಒರೆಸಿಕೊಂಡರು. ನನ್ನ ಕಡೆ ತಿರುಗಿ, “ನೀನೇನಂತೀಯೋ ಮಾರಾಯ?” ಎಂದರು.

“ಅಮ್ಮಾವ್ರು ಹೇಳಿದ್ದು ಸರಿ ಐತೆ ಗೌಡ್ರೇ. ಆದ್ರೆ ಬಾಲಕ್ಕೆ ಕಬ್ಬಿಣದ ಪಟ್ಟಿ ಬೇಡ. ಹುಲ್ಲು ನೆಲಕ್ಕೆ ಅದು ಸರಿ, ಕಚ್ಚಿಕೊಂಡು ನಿಲ್ಲುತ್ತೆ. ಈ ಜಂಬಿಟ್ಟಿಗೆ ಮೇಲೆ ಜಾರಿಬಿಡುತ್ತೆ. ಅಲ್ಲೊಂದು ಸಣ್ಣ ಚಕ್ರ ಹಾಕೋಣ, ಪೆಡಲ್ ಒತ್ತಿದ ಕಡೆಗೆ ತಿರುಗೋ ಹಾಗೆ ಮಾಡೋಣ.”

ಸರೋಜಮ್ಮ ನನ್ನನ್ನು ನೋಡಿದರು. “ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ಮೊದಲು ನಾನೂ ಈ ಬಯಲಲ್ಲಿ ಹೀಗೆ ನೋಡಿಕೊಂಡು ನಡೆದಿರಲಿಲ್ಲ ಅಮ್ಮಾ.”

ಗೌಡರು ಒಪ್ಪಿದರು. ಎರಡು ಷರತ್ತು ಹಾಕಿದರು: ಸರ್ಕಾರದ ವಿಮಾನ ಇನ್‌ಸ್ಪೆಕ್ಟರು ಬಂದು ನೋಡಿ ಸರಿ ಎನ್ನುವವರೆಗೆ ಚಕ್ರ ನೆಲ ಬಿಡಬಾರದು. ಮೊದಲ ಹಾರಾಟದಲ್ಲಿ ಏನಾದರೂ ಆದರೆ ಮತ್ತೆ ಅವರ ಎದುರು ಈ ಮಾತು ಎತ್ತಬಾರದು.

ಹೊಸ ಪ್ರೊಪೆಲರ್ ಬರುವುದರೊಳಗೆ ನಾವು ಕಾಲುಗಳನ್ನು ಮುಗಿಸಿದೆವು. ಅಯ್ಯಾಸ್ವಾಮಿ ಬಾಲದ ಚಕ್ರಕ್ಕೆ ಕವೆ ಮಾಡಿದರು, ಪೆಡಲಿನ ತಂತಿಗೂ ಚಕ್ರಕ್ಕೂ ನಡುವೆ ಸ್ಪ್ರಿಂಗ್ ಕೊಟ್ಟರು. ಇಳಿಯುವಾಗಿನ ಪೆಟ್ಟು ನುಂಗಲು ಮುಂದಿನ ಎರಡು ಕಾಲಿಗೂ ದಪ್ಪ ರಬ್ಬರ್ ಹಗ್ಗ ಬಿಗಿಯಾಗಿ ಸುತ್ತಿದೆವು. ಮುಂದಿನ ಚಕ್ರಗಳನ್ನು ಎಲ್ಲಿ ಕೂರಿಸುವುದೆಂಬುದರ ಮೇಲೆ ದೊಡ್ಡ ಚರ್ಚೆ ನಡೆಯಿತು. ತೀರ ಮುಂದಿಟ್ಟರೆ ಬಾಲ ಭಾರವಾಗಿ ತಿರುಗುವ ಚಾಳಿ ಹೆಚ್ಚುತ್ತದೆ. ತೀರ ಹಿಂದಿಟ್ಟರೆ ಬ್ರೇಕ್ ಹಾಕಿದ ಕೂಡಲೇ ಮೂತಿ ಮಣ್ಣು ಮುಕ್ಕುತ್ತದೆ. ಸರೋಜಮ್ಮನನ್ನು ಒಳಗೆ ಕೂರಿಸಿ, ಪೆಟ್ರೋಲ್ ತುಂಬಿಸಿ, ಶೆಡ್ಡಿನ ತೊಲೆಗೆ ಹಗ್ಗ ಕಟ್ಟಿ ವಿಮಾನವನ್ನು ತೂಗುಹಾಕಿ, ಭಾರ ಎಲ್ಲಿ ಬೀಳುತ್ತದೆಂದು ನೋಡಿ ಗುರುತು ಹಾಕಿದೆವು. ಇವತ್ತಿನವರು ನಗಬಹುದು. ನಿಮಗೆ ತಕ್ಕಡಿಗಳಿವೆ, ಕೋಷ್ಟಕಗಳಿವೆ, ಕಾಂಕ್ರೀಟಿನ ರನ್‌ವೇ ಇದೆ. ಈಗ ನೆಲವನ್ನೇ ವಿಮಾನಕ್ಕೆ ತಕ್ಕಂತೆ ಮಾಡುತ್ತಾರೆ. ಆಗ ವಿಮಾನವನ್ನು ನೆಲಕ್ಕೆ ತಕ್ಕಂತೆ ಮಾಡಬೇಕಿತ್ತು, ಅಷ್ಟೇ ವ್ಯತ್ಯಾಸ.

ಇನ್‌ಸ್ಪೆಕ್ಟರು ಬಂದರು. ಕಡಿಮೆ ಮಾತಿನ ಇಂಗ್ಲೆಂಡಿನವರು. ಪ್ರತಿ ಬೋಲ್ಟನ್ನೂ ಮುಟ್ಟಿ ನೋಡಿದರು. ಬಾಲದ ಚಕ್ರವನ್ನು ಕಾಲಿನಿಂದ ಒದ್ದರು, ಬಗ್ಗಿ ಕೈಯಲ್ಲಿ ತಿರುಗಿಸಿದರು, ಇದನ್ನು ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಭದ್ರಾವತಿ ಎಂದಾಗ ಹುಬ್ಬು ಏರಿಸಿ, ಒಪ್ಪಿಗೆ ಕೊಟ್ಟರು.

ಮೊದಲ ಹಾರಾಟದ ದಿನ ಗೋಮಾಳದ ಸುತ್ತ ಜನ ಸೇರಿದ್ದರು. ವಿಮಾನ ಜಾಡುಗಳ ಮೇಲೆ ದಡದಡ ಓಡಿ, ಬಾಲ ಎತ್ತಿ, ನೆಲ ಬಿಟ್ಟಿತು. ಗೌಡರು ಕಣ್ಣು ಮುಚ್ಚಿಕೊಂಡಿದ್ದರು. ರಾಗಿಗುಡ್ಡವನ್ನು ಸುತ್ತು ಹಾಕಿ ವಾಪಸು ಬರುವಾಗ ಗಾಳಿ ತಿರುಗಿತು. ನಾವು ಕಂಬಕ್ಕೆ ಕಟ್ಟಿದ್ದ ಬಟ್ಟೆ ಅಡ್ಡಕ್ಕೆ ಹಾರತೊಡಗಿತು. ಯಾವುದಕ್ಕೆ ಹೆದರಿದ್ದೆವೋ ಅದೇ ಬಂತು. ಅಯ್ಯಾಸ್ವಾಮಿ ತಮಿಳಿನಲ್ಲಿ ದೇವರನ್ನು ಕರೆದರು.

ಗಾಳಿಯ ಕಡೆಯ ಚಕ್ರ ಮೊದಲು ಮುಟ್ಟಿತು, ಆಮೇಲೆ ಇನ್ನೊಂದು. ಬಾಲ ಇಳಿದ ಕೂಡಲೇ ವಿಮಾನ ಎಡಕ್ಕೆ ತಿರುಗಲು ನೋಡಿತು. ಹಿಂದಿನ ಸಣ್ಣ ಚಕ್ರ ಬಲಕ್ಕೆ ತಿರುಗಿ ಕೆಂಪು ಧೂಳು ಎಬ್ಬಿಸುತ್ತ ಬಾಲವನ್ನು ಹಿಡಿದು ನಿಲ್ಲಿಸಿದ್ದು ನನಗೆ ಅಷ್ಟು ದೂರದಿಂದಲೂ ಕಾಣಿಸಿತು. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಆಡಿ ವಿಮಾನ ನೇರವಾಯಿತು. ಜಾಡುಗಳನ್ನು ಒಂದೊಂದಾಗಿ ದಾಟಿ ನಿಂತಿತು. ಗೌಡರು ಓಡಿಹೋಗಿ ತಂಗಿಯ ತಲೆಯ ಮೇಲೆ ಕೈಯಿಟ್ಟರು.

ಆಮೇಲೆ ಯುದ್ಧ ಬರುವವರೆಗೂ ಆ ವಿಮಾನ ಶಿವಮೊಗ್ಗ ಭದ್ರಾವತಿಗಳ ನಡುವೆ ಹಾರುತ್ತಿತ್ತು. ಕೊಯ್ಲಾದ ಗದ್ದೆಯಲ್ಲೂ ಒಂದು ಸಲ ಇಳಿಯಿತು. ಟೈರು ಒಡೆದದ್ದುಂಟು, ರಬ್ಬರ್ ಹಗ್ಗ ಹರಿದದ್ದುಂಟು. ಕಾಲು ಮಾತ್ರ ಮುರಿಯಲಿಲ್ಲ.

ಯುದ್ಧ ಶುರುವಾಗಿ, ಖಾಸಗಿ ಹಾರಾಟ ನಿಲ್ಲುತ್ತದೆಂದು ತಿಳಿದಾಗ ಸರೋಜಮ್ಮ ಶೆಡ್ಡಿಗೆ ಬಂದರು. “ಖಾದರ್ ಸಾಬ್ರೇ, ಇಷ್ಟು ದಿನ ಆಯ್ತು, ನೀವೊಂದು ಸಲಾನೂ ಹತ್ತಿಲ್ಲ. ಬನ್ನಿ” ಎಂದರು. ನನಗೆ ಕೆಲಸದ ನೆಪ ಹೇಳಬೇಕೆನ್ನಿಸಿತು. ಅವರ ಮುಖ ನೋಡಿ ಸುಮ್ಮನೆ ಹತ್ತಿದೆ.

ಮೇಲಿನಿಂದ ಕಂಡದ್ದನ್ನು ವರ್ಣಿಸಲು ನನಗೆ ಬರುವುದಿಲ್ಲ. ತುಂಗೆ ಕಂಡಿತು, ಪೇಟೆ ಕಂಡಿತು. ನನ್ನ ಗಮನವೆಲ್ಲ ಇಳಿಯುವುದರ ಮೇಲಿತ್ತು. ನಾನೇ ಕಟ್ಟಿದ ಕಾಲು ನೆಲ ಮುಟ್ಟುವುದನ್ನು ಕೆಳಗೆ ನಿಂತು ಎಷ್ಟೋ ಸಲ ನೋಡಿದ್ದೆ; ಮೇಲೆ ಕೂತು ಅನುಭವಿಸಿರಲಿಲ್ಲ. ಚಕ್ರಗಳು ಮುಟ್ಟಿದವು. ಬೆನ್ನಿನಲ್ಲಿ ಒಂದು ಸಣ್ಣ ಅಲುಗಾಟ, ಮತ್ತೊಂದು. ಬಾಲ ಕೂತಿತು. ನಿಂತಿತು.

ಎಂಜಿನ್ ಆರಿಸಿ ಸರೋಜಮ್ಮ ಹಿಂದಕ್ಕೆ ತಿರುಗಿದರು. ಕಣ್ಣು ತುಂಬಿತ್ತು, ನಗುತ್ತಲೂ ಇದ್ದರು. “ಹೇಗಿತ್ತು?”

“ಎಡಗಡೆ ರಬ್ಬರ್ ಒಂಚೂರು ಸಡಿಲ ಆಗಿದೆ ಅಮ್ಮಾ” ಎಂದೆ.

ಅವರು ಗಾಳಿಗೆ ಹಾಕಿದ ಕನ್ನಡಕ ಹಣೆಗೇರಿಸಿ ಜೋರಾಗಿ ನಕ್ಕರು. “ನನಗೂ ಹಾಗೇ ಅನ್ನಿಸ್ತು” ಎಂದು ಕೆಳಗೆ ಧುಮುಕಿದರು. ಇನ್ನು ಹಾರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ವಿಮಾನವನ್ನು ಶೆಡ್ಡಿಗೆ ತಳ್ಳಿಕೊಂಡು ಹೋಗಿ, ಅವತ್ತು ಮಧ್ಯಾಹ್ನವೇ ಆ ರಬ್ಬರ್ ಬಿಗಿ ಮಾಡಿದೆವು.